ಕರಪತ್ರದಲ್ಲಿ ಇಲ್ಲದವಳು

ಜನವರಿ 11

ಭಾವ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಆಯ್ತು, ಆಯ್ತು’ ಎನ್ನುತ್ತೀರಿ, ನನ್ನ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಈ ಸಲ ಪೂರ್ತಿ ಹೇಳಬೇಕು.

ನಿನ್ನೆ ಮಧ್ಯಾಹ್ನ ನಮ್ಮ ಕನ್ನಡಕದ ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದರು. ಓದುವ ಕನ್ನಡಕಕ್ಕೆ ಹೊಸ ಗಾಜು ಹಾಕಿಸಿಕೊಂಡು, ಅಕ್ಷರ ಕಾಣುತ್ತದೆಯೇ ಎಂದು ನೋಡಲು ತಮ್ಮ ಚೀಲದಿಂದಲೇ ಒಂದು ಕರಪತ್ರ ತೆಗೆದು ಗಟ್ಟಿಯಾಗಿ ಓದತೊಡಗಿದರು. ನಾನು ಒಳಗೆ ಗಾಜು ಅರೆಯುವ ಚಕ್ರದ ಮುಂದೆ ಕುಳಿತಿದ್ದೆ. “ಪತ್ನಿಯ ಕೊನೆಯ ಒಂಬತ್ತು ತಿಂಗಳು ಹಗಲಿರುಳೆನ್ನದೆ ಹಾಸಿಗೆಯ ಪಕ್ಕದಲ್ಲೇ ಕುಳಿತು ಆರೈಕೆ ಮಾಡಿದ ಈ ಲಿಫ್ಟ್ ಮೆಕ್ಯಾನಿಕ್, ಈಗ ಆಕೆ ಕಣ್ಣು ಮುಚ್ಚಿದ ಆರೈಕೆ ಮನೆಯ ಸಹಾಯಾರ್ಥ ಮೂರು ದಿನ, ಮುನ್ನೂರಿಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯಲಿದ್ದಾರೆ.”

ನನ್ನ ಕೈಯಲ್ಲಿದ್ದ ಗಾಜು ಚಕ್ರಕ್ಕೆ ಅಡ್ಡಡ್ಡ ತಗುಲಿ ಅಂಚು ಹಾರಿಹೋಯಿತು. ಆ ಹೆಂಗಸು, “ಎಂಥಾ ಗಂಡ ನೋಡಿ, ಇಂಥವರು ಎಲ್ಲಿ ಸಿಗ್ತಾರೆ” ಎಂದರು. ಯಜಮಾನರು ಕರಪತ್ರ ಇಸಿದುಕೊಂಡು ಫೋಟೋ ನೋಡಿ, “ಇವರು ನಿಮ್ಮ ಭಾವ ಅಲ್ವೇನಮ್ಮ?” ಎಂದು ಒಳಗೆ ಇಣುಕಿದರು. ಗೊತ್ತಿಲ್ಲ ಎಂದೆ. ಹೆಲ್ಮೆಟ್ ಹಾಕಿಕೊಂಡು ಹಲ್ಲು ಬಿಡುತ್ತಿರುವ ಮನುಷ್ಯ ನನಗೆ ನಿಜವಾಗಿಯೂ ಗೊತ್ತಿಲ್ಲ.

ಕರಪತ್ರದಲ್ಲಿ ನಿಮ್ಮ ಪೂರ್ವಾಪರವೂ ಇದೆ. ನಲವತ್ತೆರಡನೆಯ ವಯಸ್ಸಿನಲ್ಲಿ ಸೈಕಲ್ ಕಲಿತು ಛಲದಿಂದ ಮೇಲೆ ಬಂದಿರಂತೆ. ಮಹಡಿಯ ಬಾಡಿಗೆಯವರು ಬಿಟ್ಟುಹೋದ ಸೈಕಲನ್ನು ಸರಿಮಾಡಿ ಹತ್ತಿದಾಗ ಹಿಂದಿನಿಂದ ಸೀಟು ಹಿಡಿದು ಬೀದಿಯುದ್ದಕ್ಕೂ ಓಡಿದ್ದು ಯಾರು? ಅಲ್ಲೂ ಅಕ್ಕ ಇಲ್ಲ.

ಆಮೇಲೆ ಒಂಬತ್ತು ತಿಂಗಳು ಪಕ್ಕದಲ್ಲಿ ಕುಳಿತಿದ್ದವಳ ಸುದ್ದಿಯೂ ಇಲ್ಲ. ನನ್ನ ಹೆಸರು ಹಾಕಿ ಎಂದು ನಾನು ಕೇಳುತ್ತಿಲ್ಲ. ಆ ಸುಳ್ಳನ್ನು ತೆಗೆಸಿ.

ನಿಮ್ಮ ಹೆಂಡತಿಯ ತಂಗಿ

*

ಜನವರಿ 20

ನಾದಿನಿಗೆ,

ಕಾಗದ ಬಂತು. ಆ ವಾಕ್ಯ ನಾನು ಬರೆದದ್ದಲ್ಲ. ಸೈಕಲ್ ಯಾತ್ರೆಯ ಸಮಿತಿಯಿಂದ ಒಬ್ಬರು ನೋಟ್‌ಬುಕ್ ಹಿಡಿದು ನಾನು ಕೆಲಸ ಮಾಡುತ್ತಿದ್ದಲ್ಲಿಗೇ ಬಂದಿದ್ದರು. ಐದನೇ ಮಹಡಿಯಲ್ಲಿ ಲಿಫ್ಟ್ ಸಿಕ್ಕಿಕೊಂಡಿತ್ತು, ನಾನು ಅದರ ನೆತ್ತಿಯ ಮೇಲೆ ಕುಳಿತಿದ್ದೆ. ಕೈಯಲ್ಲಿ ಗ್ರೀಸು, ಬಾಯಲ್ಲಿ ಟಾರ್ಚು. “ಕೊನೇವರೆಗೂ ನೀವೇ ನೋಡ್ಕೊಂಡ್ರಾ ಸಾರ್?” ಎಂದರು. ಟಾರ್ಚು ಕಚ್ಚಿಕೊಂಡೇ ‘ಹೂಂ’ ಎಂದೆ. ಮಿಕ್ಕದ್ದೆಲ್ಲ ಅವರ ಕೈಚಳಕ.

ಐದು ಸಾವಿರ ಪ್ರತಿ ಅಚ್ಚಾಗಿ ಹಂಚಿಯೂ ಆಯಿತು. ಈಗ ಮನೆಮನೆಗೆ ಹೋಗಿ ವಾಪಸು ಇಸಿದುಕೊಂಡು ಬರಲೇ? ಅಲ್ಲಿ ಹನ್ನೆರಡು ಹಾಸಿಗೆ ಇವೆ. ಈ ಯಾತ್ರೆಯ ದುಡ್ಡಿನಿಂದ ಇನ್ನೂ ಎಂಟು ಬರುತ್ತವೆ. ಹಾಸಿಗೆ ಖಾಲಿಯಿಲ್ಲವೆಂದು ಎಷ್ಟು ಜನರನ್ನು ವಾಪಸು ಕಳಿಸುತ್ತಾರೆಂದು ನಿನಗೇ ಗೊತ್ತು. ಒಂದು ವಾಕ್ಯಕ್ಕೆ ಇಷ್ಟು ರಾದ್ಧಾಂತ ಬೇಡ.

ಹೇಳಹೊರಟರೆ ನನಗೂ ಹೇಳುವುದಿದೆ. ಬಾಯಿ ಮುಚ್ಚಿಕೊಂಡಿದ್ದೇನೆ. ನೀನೂ ಮುಚ್ಚಿಕೋ.

ನಿನ್ನ ಭಾವ

*

ಜನವರಿ 28

ಭಾವ,

ಬಾಯಿ ಮುಚ್ಚಿಕೊಳ್ಳುವುದಿಲ್ಲ.

ನಿಮ್ಮ ದಿನ ಹೇಗೆ ಶುರುವಾಗುತ್ತಿತ್ತು ಎಂದು ನಾನು ಹೇಳುತ್ತೇನೆ. ಬೆಳಗ್ಗೆ ಐದೂವರೆಗೆ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು. ಆಮೇಲೆ ಗೇಟಿನ ಸದ್ದು. ಅಕ್ಕ ಮನೆಯಲ್ಲಿದ್ದಷ್ಟು ಕಾಲ ಆ ಸದ್ದಿಗೇ ಎಚ್ಚರವಾಗುತ್ತಿದ್ದಳು. ನಾನು ಅವಳ ಮೈ ಒರೆಸಿ, ಬೆನ್ನಿಗೆ ಪುಡಿ ಹಾಕಿ, ವಾಂತಿಯ ಬೋಗುಣಿ ತೊಳೆದು ಇಡುವ ಹೊತ್ತಿಗೆ ನೀವು ಬೆವರು ಸುರಿಸುತ್ತ ಬಂದು ನೇರವಾಗಿ ಸ್ನಾನಕ್ಕೆ ಹೋಗುತ್ತಿದ್ದಿರಿ. ಆರೈಕೆ ಮನೆಗೆ ಸೇರಿಸಿದ ಮೇಲಂತೂ ಕೇಳುವುದೇ ಬೇಡ. ಏಳು ವಾರದಲ್ಲಿ ನಾಲ್ಕು ಸಲ ಬಂದಿರಿ. ನಾಲ್ಕು ಸಲವೂ ಬಾಗಿಲವರೆಗೆ. ಒಂದು ಸಲ ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. ಕರೆಂಟ್ ಮೀಟರ್ ನೋಡಲು ಬಂದವನ ಹಾಗೆ ನಿಂತು, “ಏನಾದ್ರೂ ಬೇಕಿತ್ತಾ?” ಎಂದು ಕೇಳಿ ಹೊರಟಿರಿ.

ಅವಳಿಗೆ ಏನು ಬೇಕಿತ್ತು ಎಂದು ಗೊತ್ತಾಗದಷ್ಟು ದಡ್ಡರಲ್ಲ ನೀವು.

ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಮಕ್ಕಳ ಪಠ್ಯಪುಸ್ತಕದ ತಪ್ಪು ತಿದ್ದಿದವಳು ಅವಳು. ಒಂದು ದೀರ್ಘ ಬಿಟ್ಟುಹೋದರೆ ರಾತ್ರಿ ಊಟ ಸೇರುತ್ತಿರಲಿಲ್ಲ. ಅವಳ ಹೆಸರಿನಲ್ಲಿ ಇಂಥ ಹಸಿ ಸುಳ್ಳು ಅಚ್ಚು ಹಾಕಿಸಿದ್ದೀರಿ. ಯಾತ್ರೆ ಹೊರಡುವ ದಿನ ನಾನು ಬರುತ್ತೇನೆ. ಮೈಕು ಯಾರ ಕೈಯಲ್ಲಿದ್ದರೂ ಕಿತ್ತುಕೊಂಡು ಹೇಳುತ್ತೇನೆ. ಆಮೇಲೆ ಹೇಳಲಿಲ್ಲ ಅನ್ನಬೇಡಿ.

ಒಂಬತ್ತು ತಿಂಗಳು ಪಕ್ಕದಲ್ಲಿ ಕುಳಿತಿದ್ದವಳು

*

ಮಾರ್ಚ್ 2

ನಾದಿನಿಗೆ,

ಒಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ. ಮೂರು ಸಲ ಬರೆದು ಹರಿದುಹಾಕಿದೆ. ಇದನ್ನು ಹರಿಯುವುದಿಲ್ಲ.

ಕಳೆದ ಜೂನ್ ಕೊನೆಯಲ್ಲಿ ಅವಳನ್ನು ಆರೈಕೆ ಮನೆಗೆ ಸೇರಿಸಲು ಹಳೆಯ ಕಾಗದಗಳು ಬೇಕಾದವು. ಅಲಮಾರಿಯಲ್ಲಿ ಅವಳ ಪ್ರೂಫ್ ಕಟ್ಟುಗಳ ನಡುವೆ ಹುಡುಕುತ್ತಿದ್ದೆ. ಐದನೇ ತರಗತಿಯ ಗಣಿತದ ಕಟ್ಟಿನೊಳಗೆ ಒಂದು ಆಸ್ಪತ್ರೆ ಚೀಟಿ ಸಿಕ್ಕಿತು. ಅದರ ಹಿಂದಿನ ವರ್ಷದ ಮಾರ್ಚ್ 14ರದ್ದು. ಗಂಟು ಇದೆ, ತಕ್ಷಣ ಆಪರೇಷನ್ ಆಗಬೇಕು ಎಂದು ಬರೆದಿತ್ತು. ಕೆಳಗೆ ‘ಜೊತೆಗೆ ಬಂದವರು’ ಎಂಬಲ್ಲಿ ನಿನ್ನ ಸಹಿ.

ಅವಳು ಪ್ರೆಸ್ಸಿನಲ್ಲಿ ಕುಸಿದುಬಿದ್ದು ನನಗೆ ವಿಷಯ ತಿಳಿದದ್ದು ನವೆಂಬರ್‌ನಲ್ಲಿ. ಎಂಟು ತಿಂಗಳು. ಎಂಟು ತಿಂಗಳು ನೀವಿಬ್ಬರೂ ನನ್ನೆದುರು ಓಡಾಡಿದಿರಿ, ನಕ್ಕಿರಿ, ಉಂಡಿರಿ. ನೀನು ಭಾನುವಾರ ಮನೆಗೆ ಬಂದು, “ಏನ್ ಭಾವ, ಇವತ್ತು ಎಷ್ಟು ಕಿಲೋಮೀಟರು?” ಎಂದು ತಮಾಷೆ ಮಾಡುತ್ತಿದ್ದೆ. ನಾನು ಪೆದ್ದನಂತೆ ಲೆಕ್ಕ ಒಪ್ಪಿಸುತ್ತಿದ್ದೆ. ನವೆಂಬರ್‌ನಲ್ಲಿ ಡಾಕ್ಟರು, “ಆರು ತಿಂಗಳು ಮುಂಚೆ ಬಂದಿದ್ರೆ” ಎಂದು ಮಾತು ನಿಲ್ಲಿಸಿದಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ.

ಆ ಚೀಟಿ ಸಿಕ್ಕಿದ ಮೇಲೆ ನಾನು ಯಾರ ಮೇಲೆ ಕೂಗಾಡಬೇಕಿತ್ತು? ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದವಳ ಮೇಲೋ? ಅವಳ ಹೊಲಸು ಬಾಚುತ್ತಿದ್ದ ನಿನ್ನ ಮೇಲೋ? ಕೋಣೆಯೊಳಗೆ ಕಾಲಿಟ್ಟರೆ ಬಾಯಿಂದ ಏನು ಬರುತ್ತದೋ ಎಂದು ನನಗೇ ಹೆದರಿಕೆ. ಅದಕ್ಕೇ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೊರಗೆ ಬಂದು ಸೈಕಲ್ ಹತ್ತಿ ಕಣ್ಣು ಕತ್ತಲೆ ಬರುವವರೆಗೆ ಏರು ತುಳಿಯುತ್ತಿದ್ದೆ. ಅದನ್ನು ನೀನು ಶೋಕಿ ಎಂದುಕೊಂಡೆ.

ಮೈಕು ಕಿತ್ತುಕೊಳ್ಳುವೆಯಂತೆ. ಬಾ. ಮಾರ್ಚ್ 14ರ ವಿಷಯವನ್ನೂ ಸೇರಿಸಿ ಹೇಳು.

ಭಾವ

*

ಮಾರ್ಚ್ 25

ಭಾವ,

ನಿಮಗೆ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಹೋದ ಮೇಲೂ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಬೈಸಿಕೊಂಡೆ.

ಹೌದು, ಸಹಿ ನನ್ನದೇ. ಆಸ್ಪತ್ರೆಯಿಂದ ಹೊರಗೆ ಬಂದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಅಕ್ಕ, “ಅವ್ರಿಗೆ ಹೇಳ್ಬೇಡ ಕಣೇ” ಎಂದಳು. ಇದೇ ಕಾಯಿಲೆಗೆ ನಮ್ಮ ಅಮ್ಮನನ್ನು ಮೂರು ಸಲ ಕೊಯ್ದದ್ದನ್ನು ಅವಳು ಹತ್ತಿರದಿಂದ ನೋಡಿದ್ದಳು. ನಾನು ಆಗ ಚಿಕ್ಕವಳು. “ಇವ್ರಿಗೆ ಗೊತ್ತಾದ್ರೆ ಸುಮ್ನಿರಲ್ಲ. ಕೆಟ್ಟಿರೋ ಲಿಫ್ಟ್ ಥರ ನನ್ನನ್ನ ಒಂದೊಂದೇ ಬಿಚ್ಚಿ ಹರಡಿಬಿಡ್ತಾರೆ. ಈ ವರ್ಷದ ಪುಸ್ತಕ ಎಲ್ಲಾ ಅಚ್ಚಿಗೆ ಹೋಗ್ಲಿ, ಆಮೇಲೆ ನಾನೇ ಹೇಳ್ತೀನಿ” ಎಂದಳು. ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

ಪುಸ್ತಕಗಳು ಜೂನ್‌ನಲ್ಲಿ ಅಚ್ಚಿಗೆ ಹೋದವು. ಜುಲೈನಲ್ಲಿ ಕೇಳಿದೆ, “ಇನ್ನೊಂದು ತಿಂಗಳು” ಎಂದಳು. ಆಗಸ್ಟಿನಲ್ಲಿ ಜಗಳವಾಡಿದೆ, ಒಂದು ವಾರ ಮಾತು ಬಿಟ್ಟಳು. ಎರಡು ಸಲ ನಿಮ್ಮ ನಂಬರಿಗೆ ಫೋನ್ ಮಾಡಿ, ನೀವು ‘ಹಲೋ’ ಎಂದೊಡನೆ ಇಟ್ಟುಬಿಟ್ಟೆ.

ಹೇಳಬೇಕಿತ್ತು. ಆಣೆ ಮುರಿದು ಹೇಳಬೇಕಿತ್ತು. ಇದನ್ನು ನನಗೆ ನಾನೇ ದಿನಾ ಹೇಳಿಕೊಳ್ಳುತ್ತೇನೆ, ನಿಮ್ಮಿಂದ ಹೇಳಿಸಿಕೊಳ್ಳಬೇಕಾಗಿಲ್ಲ.

ಆದರೆ ನಿಮ್ಮ ಸಿಟ್ಟು ನಿಮ್ಮನ್ನು ಹೊರಗೆ ಕರೆದುಕೊಂಡು ಹೋಯಿತು. ನನಗೆ ಹೋಗಲು ಎಲ್ಲಿತ್ತು ಜಾಗ? ನಾನು ಸಿಟ್ಟನ್ನು ಇಟ್ಟುಕೊಂಡೇ ಬೋಗುಣಿ ತೊಳೆದೆ. ಅದಕ್ಕೇ ಹೇಳುತ್ತಿದ್ದೇನೆ, ಆ ವಾಕ್ಯ ಸುಳ್ಳು. ನನ್ನ ತಪ್ಪಿನಿಂದ ನಿಮ್ಮ ಸುಳ್ಳು ನಿಜವಾಗುವುದಿಲ್ಲ.

ಮೈಕಿನ ಹತ್ತಿರ ಬರುವುದಿಲ್ಲ. ಏನು ಬೇಕಾದರೂ ಮಾಡಿಕೊಳ್ಳಿ.

ನಾದಿನಿ

*

ಏಪ್ರಿಲ್ 6

ನಾದಿನಿಗೆ,

ಸಮಿತಿಯವರ ಹತ್ತಿರ ಹೋಗಿದ್ದೆ. ಆ ವಾಕ್ಯ ಸುಳ್ಳು, ತಿದ್ದಿ ಇನ್ನೊಂದು ಕರಪತ್ರ ಹಾಕಿಸಿ ಎಂದೆ. ನೋಟ್‌ಬುಕ್ಕಿನಾಕೆ ಮುಖ ಚಿಕ್ಕದು ಮಾಡಿಕೊಂಡು, “ಮತ್ತೆ ಏನಂತ ಹಾಕೋಣ ಸಾರ್?” ಎಂದರು. “ಹೆಂಡತಿಯನ್ನು ನಾನು ನೋಡಿಕೊಳ್ಳಲಿಲ್ಲ, ಅವಳ ತಂಗಿ ನೋಡಿಕೊಂಡಳು ಅಂತ ಹಾಕಿ” ಎಂದೆ. “ಹಾಗೆ ಹಾಕಿದ್ರೆ ಯಾರು ಸಾರ್ ಕೊಡ್ತಾರೆ?” ಎಂದು ನಕ್ಕುಬಿಟ್ಟರು. ಬಹಳ ರೇಗಿತು. ಹಾಗಿದ್ದರೆ ನನ್ನ ಹೆಸರು ಹೊಡೆದುಹಾಕಿ ಎಂದು ಎದ್ದು ಬಂದೆ.

ಮರುದಿನ ವಾಪಸು ಹೋದೆ. ಎಂಟು ಹಾಸಿಗೆಯ ನೆನಪಾಯಿತು ಎಂದು ಹೇಳಿದರೆ ನೀನು ನಂಬುವುದಿಲ್ಲ. ನಿಜ ಹೇಳಬೇಕೆಂದರೆ, ತುಳಿಯದೆ ಮನೆಯಲ್ಲಿ ಕೂತರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕರಪತ್ರ ಬದಲಿಸುವುದಿಲ್ಲವಂತೆ. ಮೊದಲ ದಿನದ ತಂಗುದಾಣದಲ್ಲಿ ಹತ್ತು ನಿಮಿಷ ಮಾತಾಡಲು ಬಿಡುತ್ತಾರಂತೆ.

‘ಬಿಚ್ಚಿ ಹರಡಿಬಿಡ್ತಾರೆ’ ಎಂದಳೇ? ಅದನ್ನು ಓದಿದಾಗಿನಿಂದ ಯಾವ ಲಿಫ್ಟಿಗೂ ಸ್ಪ್ಯಾನರ್ ಹಚ್ಚಲು ಮನಸ್ಸಾಗುತ್ತಿಲ್ಲ. ನನ್ನ ಬಗ್ಗೆ ಹಾಗೆ ತಿಳಿದುಕೊಂಡಿದ್ದಳಲ್ಲ, ಅದಕ್ಕೆ ನಾನು ಉತ್ತರ ಕೊಡೋಣವೆಂದರೆ ಅವಳೇ ಇಲ್ಲ.

ಹದಿನಾಲ್ಕನೇ ತಾರೀಕು ಹೊರಡುತ್ತೇವೆ.

ಭಾವ

*

ಏಪ್ರಿಲ್ 18

ನಾದಿನಿಗೆ,

ನೀನು ಉತ್ತರ ಬರೆಯಲಿಲ್ಲ. ಆದರೂ ನಡೆದದ್ದನ್ನು ಬರೆಯುತ್ತಿದ್ದೇನೆ.

ಒಟ್ಟು ಅರವತ್ತು ಜನ ಇದ್ದೆವು. ಬಹಳಷ್ಟು ಮಂದಿ ನನ್ನ ಅರ್ಧ ವಯಸ್ಸಿನವರು, ನನ್ನ ಸೈಕಲಿನ ಅರ್ಧ ತೂಕದ ಸೈಕಲಿನವರು. ಮೊದಲ ದಿನ ನೂರಹತ್ತು ಕಿಲೋಮೀಟರ್. ಬಿಸಿಲಿಗೆ ಡಾಂಬರು ಚಕ್ರಕ್ಕೆ ಅಂಟುತ್ತಿತ್ತು. ಸಂಜೆ ಒಂದು ಶಾಲೆಯ ಸಭಾಂಗಣದಲ್ಲಿ ತಂಗಿದೆವು. ಊರಿನವರೂ ಬಂದಿದ್ದರು. ನನ್ನನ್ನು ಪರಿಚಯಿಸುವಾಗ ಮತ್ತೆ ಅದೇ ‘ಹಗಲಿರುಳೆನ್ನದೆ’ ಓದಿದರು. ಚಪ್ಪಾಳೆ ಬಿತ್ತು.

ನಾನು ಎದ್ದುನಿಂತು, “ಅದು ಸುಳ್ಳು” ಎಂದೆ. “ನಾನು ಪಕ್ಕದಲ್ಲಿ ಕೂತಿರಲಿಲ್ಲ. ಕೂತವಳು ನನ್ನ ನಾದಿನಿ. ನಾನು ಬಾಗಿಲಲ್ಲಿ ನಿಂತು ವಾಪಸು ಹೋಗ್ತಿದ್ದೆ.” ಮಾರ್ಚ್ 14ರ ಮಾತು ಎತ್ತಲಿಲ್ಲ. ಅದು ನಿಮ್ಮಿಬ್ಬರದು. ಮುಂದಿನ ಸಾಲಿನ ಒಬ್ಬ ಮುದುಕಿ, “ಮತ್ತೆ ಈಗ ಯಾಕಪ್ಪಾ ಸೈಕಲ್ ಹೊಡೀತಿದ್ದೀಯ?” ಎಂದು ಕೇಳಿದಳು. “ಸಿಟ್ಟಿಗೆ” ಎಂದೆ. ಕೆಲವರು ನಕ್ಕರು. ಆ ಮುದುಕಿ ನಗಲಿಲ್ಲ. ಅಲ್ಲಿಂದ ಎರಡು ದಿನ ಯಾರೂ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ, ನನಗೂ ಅದೇ ಬೇಕಿತ್ತು. ಎರಡನೇ ದಿನದ ಏರಿನಲ್ಲಿ ಚೈನು ಕಡಿಯಿತು. ಜೋಡಿಸಿಕೊಂಡು ಎಲ್ಲರಿಗಿಂತ ಕೊನೆಯಲ್ಲಿ ಹತ್ತಿದೆ. ದಾರಿಯುದ್ದಕ್ಕೂ ಅವಳನ್ನು ಬೈದೆ. ಗಟ್ಟಿಯಾಗಿಯೇ ಬೈದೆ, ಕೇಳುವವರು ಯಾರೂ ಇರಲಿಲ್ಲ.

ಮೂರನೇ ದಿನ ಆರೈಕೆ ಮನೆಯ ಅಂಗಳದಲ್ಲಿ ಯಾತ್ರೆ ಮುಗಿಯಿತು. ನೀರು ಕೊಡುತ್ತಿದ್ದ ವಯಸ್ಸಾದ ಆಯಾ, “ನಿಮ್ಮೋರು ಯಾರಾದ್ರೂ ಇಲ್ಲಿದ್ರಾ?” ಎಂದು ಕೇಳಿದಳು. ನನ್ನ ಗುರುತೇ ಸಿಗಲಿಲ್ಲ ಅವಳಿಗೆ. ಇದ್ದರು, ಕಿಟಕಿ ಪಕ್ಕದ ಆರನೇ ಹಾಸಿಗೆ ಎಂದೆ. “ಓ, ಕನ್ನಡಕದಂಗಡಿ ತಂಗಿಯ ಅಕ್ಕ” ಎಂದಳು. ಅಲ್ಲಿ ಅವಳು ನನ್ನ ಹೆಂಡತಿಯಲ್ಲ, ನಿನ್ನ ಅಕ್ಕ.

“ಆ ತಂಗಿ ದಿನಾ ಬೈಯ್ಯೋಳು ಸಾರ್. ಬೈತಾ ಬೈತಾನೇ ತಲೆ ಬಾಚೋಳು. ಅಕ್ಕನಿಗೆ ನಗು.” ಆಮೇಲೆ ಹೇಳಿದಳು, “ಒಂದು ಶುಕ್ರವಾರ ಪಾಪ, ಯಜಮಾನ್ರು ಬರ್ತಾರೆ ಅಂತ ಒಳ್ಳೇ ಬಟ್ಟೆ ಹಾಕಿಸ್ಕೊಂಡು, ದಿಂಬಿಗೆ ಒರಗಿ ಸಂಜೆವರೆಗೂ ಕೂತಿದ್ರು. ಅವರು ಬರ್ಲೇ ಇಲ್ಲ. ಎರಡು ದಿನಕ್ಕೆ ಹೋಗಿಬಿಟ್ರು.”

ನಾನು ಆ ಶುಕ್ರವಾರ ಬಂದಿದ್ದೆನಲ್ಲ? ಮಧ್ಯಾಹ್ನ ಮೂರಕ್ಕೆ. ಆ ಸಲ ಒಳಗೇ ಬರಬೇಕೆಂದು ಮನಸ್ಸು ಮಾಡಿಕೊಂಡಿದ್ದೆ. ನೀನು ಬಾಗಿಲಲ್ಲಿ ಸಿಕ್ಕಿ, ಮಲಗಿದ್ದಾಳೆ ಎಂದೆ. ಆಯಾಗೆ ದಿನ ತಪ್ಪಿರಬೇಕು.

ಭಾವ

*

ಮೇ 5

ಭಾವ,

ಆಯಾಗೆ ದಿನ ತಪ್ಪಿಲ್ಲ.

ಇದನ್ನು ಬರೆಯಲು ಹದಿನೈದು ದಿನ ಹಿಡಿಯಿತು. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಅಕ್ಕ ಮಲಗಿರಲಿಲ್ಲ. ಬೆಳಗ್ಗೆಯಿಂದ ನಿಮ್ಮನ್ನೇ ಕಾಯುತ್ತಿದ್ದಳು. ನಿಮಗೆ ವಿಷಯ ತಿಳಿದಿದೆ ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ನನಗೆ ಬಿಡಿಸಿ ಹೇಳಲಿಲ್ಲ. “ಅವರ ಹೆಜ್ಜೆ ಬದಲಾಗಿದೆ ಕಣೇ, ನಾನು ಅವರ ಹತ್ರ ಮಾತಾಡ್ಬೇಕು. ಬಂದಾಗ ನೀನು ಸ್ವಲ್ಪ ಹೊರಗಡೆ ಇರು” ಎಂದಳು, ಅಷ್ಟೇ.

‘ನೀನು ಹೊರಗಡೆ ಇರು.’ ಆ ಮಾತು ನನಗೆ ಚುಚ್ಚಿತು. ಏಳು ವಾರ ಅವಳ ಉಗುರು ಕತ್ತರಿಸಿದ್ದು ನಾನು, ಹುಣ್ಣು ತೊಳೆದದ್ದು ನಾನು, ನೆಲದ ಮೇಲೆ ಚಾಪೆ ಹಾಕಿ ಮಲಗಿದ್ದು ನಾನು. ಕೊನೆಯ ಮಾತು ಮಾತ್ರ ಬಾಗಿಲಲ್ಲಿ ನಿಂತು ಹೋಗುವವರಿಗೆ. ಅಂಗಳದಲ್ಲಿ ನಿಮ್ಮ ಸೈಕಲ್ ನಿಂತ ಸದ್ದು ಕೇಳಿ ನಾನೇ ಎದ್ದು ಹೊರಗೆ ಬಂದೆ. “ಮಲಗಿದ್ದಾಳೆ, ಎಬ್ಬಿಸ್ಬೇಡಿ” ಎಂದೆ. ನೀವು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಿರಿ. ಅದನ್ನೂ ನೋಡಿದೆ. ಆದರೂ ಕಳಿಸಿದೆ.

ಒಳಗೆ ಹೋದಾಗ, “ಬಂದ್ರಾ?” ಎಂದು ಕೇಳಿದಳು. ಇಲ್ಲ ಎಂದೆ. ಸಂಜೆ ಮತ್ತೆ ಕೇಳಿದಳು. ಮತ್ತೆ ಇಲ್ಲ ಎಂದೆ. ನಾಳೆ ಹೇಳಿಕಳಿಸಿದರಾಯಿತು ಎಂದುಕೊಂಡೆ. ಶನಿವಾರ ಅವಳಿಗೆ ಪ್ರಜ್ಞೆ ಬರಲಿಲ್ಲ.

ಏನು ಹೇಳಬೇಕೆಂದಿದ್ದಳೋ ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ನಿಮ್ಮ ಕರಪತ್ರದ ಒಂದು ಸುಳ್ಳಿಗೆ ಅಷ್ಟು ಎಗರಾಡಿದೆ. ನನ್ನದು ಅಚ್ಚಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದರೆ ನೀವು ಉತ್ತರ ಕೊಡಬೇಕಾಗುತ್ತದೆ.

ನಾದಿನಿ

*

ಮೇ 16

ನಾದಿನಿಗೆ,

ಹನ್ನೊಂದನೇ ದಿನಕ್ಕೆ ಉತ್ತರ ಬರೆಯುತ್ತಿದ್ದೇನೆ.

ನಿನ್ನ ಕಾಗದ ಓದಿದ ದಿನ ನೀರಿನ ಜಗ್ಗು ಗೋಡೆಗೆ ಎಸೆದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ, “ಏನಾಯ್ತು?” ಎಂದು ಕೇಳಿದರು. ಕೈಜಾರಿತು ಎಂದೆ. ಸೈಕಲ್ ತೆಗೆಯಲು ಹೊರಗೆ ಬಂದೆ, ಗೇಟಿಗೆ ಕೈ ಹಾಕಿದೆ, ಮತ್ತೆ ಒಳಗೆ ಹೋದೆ. ಎಲ್ಲಿಗೆಂದು ಹೋಗುವುದು. ಅವಳ ಹಾಸಿಗೆಯ ಮೇಲೆ ಕುಳಿತೆ. ಕತ್ತಲಾಗುವವರೆಗೂ ಕುಳಿತೇ ಇದ್ದೆ.

ನಿನ್ನ ಮೇಲೆ ನನಗೆ ಬಂದಿರುವ ಸಿಟ್ಟನ್ನು ಅಳೆಯಲು ನನ್ನ ಹತ್ತಿರ ಮಾತಿಲ್ಲ. ಹೋಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಎರಡು ದಿನ, ಬರೀ ಎರಡು ದಿನ ಇತ್ತು. ‘ಮಲಗಿದ್ದಾಳೆ’ ಎಂದಾಗ ನಾನಾದರೂ, ಇರಲಿ, ಪಕ್ಕದಲ್ಲಿ ಕೂತಿರುತ್ತೇನೆ ಎನ್ನಬಹುದಿತ್ತು. ನಿಜ ಹೇಳುತ್ತೇನೆ, ನೀನು ಹಾಗೆಂದಾಗ ನನಗೆ ಬಿಡುಗಡೆಯಾದಂತಾಯಿತು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಮನೆಗೆ ಬಂದೆ. ಇದನ್ನು ಯಾವ ಸಭೆಯಲ್ಲೂ ಹೇಳಲಾರೆ.

ಅವಳ ಅಲಮಾರಿ ಇನ್ನೂ ಹಾಗೇ ಇದೆ. ಪ್ರೆಸ್ಸಿನವರು ಪ್ರೂಫ್ ಕಟ್ಟುಗಳನ್ನು ವಾಪಸು ಕೇಳುತ್ತಿದ್ದಾರೆ. ಯಾವುದು ಅವರದು, ಯಾವುದು ಅವಳದು ಎಂದು ನನಗೆ ಗೊತ್ತಾಗುವುದಿಲ್ಲ. ನಿನಗೆ ಗೊತ್ತಾಗುತ್ತದೆ.

ಭಾನುವಾರ ಬಾ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬೈಯಬೇಕು. ನೀನೂ ಬೈ, ಅಭ್ಯಾಸ ಇದೆಯಂತಲ್ಲ. ಅವಳ ವಿಷಯಕ್ಕೆ ಜಗಳವಾಡಲು ನನಗೆ ನಿನ್ನನ್ನು ಬಿಟ್ಟರೆ ಬೇರೆ ಯಾರೂ ಉಳಿದಿಲ್ಲ.

ಊಟ ಮುಗಿಸಿಕೊಂಡು ಬರಬೇಡ. ಇಲ್ಲೇ ಏನಾದರೂ ಬೇಯಿಸಿರುತ್ತೇನೆ.

ಭಾವ